ಕಂಪ್ಯೂಟರಿಗೆ ಹೊಲಿದ ಅಂಗಿ

ನಮ್ಮ ಮನೆಯ ಕಂಪ್ಯೂಟರಿಗೆ ಎರಡು ಅಂಗಿಗಳಿವೆ. ನಗಬೇಡಿ, ನಿಜವಾಗಿಯೂ ಇವೆ. ಎರಡನೆಯದು ಈಗ ಅದರ ಮೈಮೇಲಿದೆ. ಮೊದಲನೆಯದು ನೇರಳೆ ಬಣ್ಣದ ವೆಲ್ವೆಟ್ಟಿನದು, ಒಳಗೆ ಲೈನಿಂಗ್ ಕೊಟ್ಟು ಅಂಚಿಗೆ ಜರಿಯ ಪಟ್ಟಿ ಇಟ್ಟು ಹೊಲಿದದ್ದು. ಮದುವೆ ಮನೆಗೆ ಹಾಕಿಕೊಂಡು ಹೋಗುವ ಹಾಗಿದೆ. ಮೊನ್ನೆ ಬೀರುವಿನಲ್ಲಿ ಸ್ವೆಟರ್ ಹುಡುಕುತ್ತಿದ್ದಾಗ ಅದು ಮೇಲಿನ ಖಾನೆಯಿಂದ ಜಾರಿ ನನ್ನ ತಲೆಯ ಮೇಲೆಯೇ ಬಿತ್ತು. ಎತ್ತಿ ಮಡಿಸಲು ಹೋದವಳು ಅಲ್ಲೇ ಮಂಚದ ತುದಿಯಲ್ಲಿ ಕೂತುಬಿಟ್ಟೆ. ಸ್ವೆಟರ್ ಮರೆತೇಹೋಯಿತು.

ಅಂಗಿ ಎನ್ನುವುದು ಅವ್ವನ ಮಾತು. ನೀವು ಕವರ್ ಎನ್ನುತ್ತೀರಿ. ನಮ್ಮ ಅವ್ವನ ಪ್ರಕಾರ ಮನೆಯಲ್ಲಿರುವ ಯಾವ ಸಾಮಾನೂ ಬರಿಮೈಯಲ್ಲಿ ಇರಕೂಡದು. ನಾವು ಕವಲಂದೆಯಲ್ಲಿದ್ದಾಗ ಅಪ್ಪ ಒಂದು ರೇಡಿಯೋ ತಂದಿದ್ದ. ಅದು ಮನೆಗೆ ಬಂದ ಸಂಜೆಯೇ ಅವ್ವ ಟೇಪು ಹಿಡಿದು ಅದರ ಸುತ್ತ ಅಳತೆ ತೆಗೆದಳು. ಮಾರನೆಯ ದಿನ ರೇಡಿಯೋ ಹಳದಿ ಹೂವಿನ ಅಂಗಿ ತೊಟ್ಟು ಗೂಡಿನಲ್ಲಿ ಕೂತಿತ್ತು. ಧ್ವನಿ ಬರುವ ಕಡೆಗೂ ಬಟ್ಟೆ ಬಿಗಿದಿದ್ದರಿಂದ ವಾರ್ತೆ ಓದುವವರು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತಿತ್ತು. ಅಪ್ಪ ಗೂಡಿಗೆ ಕಿವಿ ಹಚ್ಚಿ ನಿಂತೇ ವಾರ್ತೆ ಕೇಳುತ್ತಿದ್ದ. "ಅದ್ನ ಒಸಿ ತಗಿಯಮ್ಮಿ, ಒಂದಕ್ಸರಾನೂ ಕೇಳಾಕಿಲ್ಲ" ಎಂದು ಗೋಗರೆದರೆ, "ಧೂಳು ಕೂತ್ಕಂಡ್ರೆ ನೀನ್ ಒರುಸ್ತೀಯ?" ಎನ್ನುವುದು ಅವ್ವನ ಉತ್ತರ. ಅಪ್ಪ ಒರೆಸುವವನಲ್ಲ. ಹಾಗಾಗಿ ರೇಡಿಯೋ ಬಟ್ಟೆ ಬಿಚ್ಚಲಿಲ್ಲ.

ಅದೇ ಹಳದಿ ಹೂವಿನ ಬಟ್ಟೆಯಲ್ಲಿ ಉಳಿದದ್ದು ನನಗೆ ಲಂಗವಾಯಿತು. ಮನೆಗೆ ಆಡಲು ಬಂದ ನನ್ನ ಗೆಳತಿಯರು ಒಮ್ಮೆ ಗೂಡನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಮರುದಿನದಿಂದ ಶಾಲೆಯಲ್ಲಿ ನನ್ನ ಹೆಸರು ರೇಡಿಯೋ. ಬಾಯಿ ಮುಚ್ಚದ ಹುಡುಗಿಯಾದ್ದರಿಂದ ಆ ಹೆಸರು ಲಂಗ ಹರಿದ ಮೇಲೂ ಉಳಿಯಿತು. ಆಮೇಲೆ ಮನೆಗೆ ಬಂದ ಟಿ.ವಿ.ಗೆ ಎರಡು ಕಡೆ ಎಳೆಯುವ ಪರದೆ, ಮಿಕ್ಸಿಗೆ ಟೋಪಿಯಂಥದ್ದು, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಅಡುಗೆಮನೆಗೆ ಹೊಸಬರು ಹೋದರೆ ಅಲ್ಲಿ ಯಾರೋ ಕುಳ್ಳಿ ಹೆಂಗಸು ಬೆನ್ನು ಮಾಡಿ ನಿಂತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಅವ್ವನದು ಬರೀ ಖಯಾಲಿಯಲ್ಲ, ಕಸುಬು. ಸುತ್ತಲ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದವಳು ಅವಳೇ. ಅಳತೆ ಕೊಡಲು ನಿಂತ ಹೆಂಗಸರಿಗೆ ಟೇಪು ಮೈಗೆ ತಾಗಿದ ಕೂಡಲೇ ಹೊಟ್ಟೆ ಒಳಕ್ಕೆ ಎಳೆದುಕೊಳ್ಳುವ ಚಾಳಿ. "ಉಸ್ರು ಬುಡವ್ವ. ಈಗ ಎಳ್ಕಂಡು ನಿಂತ್ಕತೀಯ, ಉಂಡ್ ಮ್ಯಾಲೆ ಅದು ಎಲ್ಲೋಯ್ತದೆ?" ಎಂದು ಅವ್ವ ಬೆನ್ನಿಗೊಂದು ಮೆಲ್ಲಗೆ ತಟ್ಟುತ್ತಿದ್ದಳು. ಎಂದು ಕೊಡುತ್ತೀರಿ ಎಂದರೆ ಎಲ್ಲರಿಗೂ ಒಂದೇ ಮಾತು: "ಸುಕ್ರವಾರ ಬಾ." ಯಾವ ಶುಕ್ರವಾರ ಎಂದು ಹೇಳುತ್ತಿರಲಿಲ್ಲ. ಯಾರಾದರೂ ಬಿಡದೆ ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಅವಳ ಶುಕ್ರವಾರ ಕ್ಯಾಲೆಂಡರಿನ ಶುಕ್ರವಾರಕ್ಕೆ ಸಿಕ್ಕುತ್ತಿರಲಿಲ್ಲ.

ಕಡೆಗೂ ರವಿಕೆ ಸಿದ್ಧವಾಗಿ, ಬಂದವರು ಒಳಕೋಣೆಗೆ ಹೋಗಿ ಹಾಕಿಕೊಂಡು ಬಂದ ಮೇಲೆ ನಿಜವಾದ ವ್ಯವಹಾರ ಶುರು. ಅವ್ವ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಬಿಗಿ ಅದ್ಯಾ? ಏಳು" ಎಂದು ಕೇಳಿ, ಅವರು ಹೇಳುವುದಕ್ಕೆ ಕಾಯುವಳು. "ಕಂಕುಳಲ್ಲಿ ಕಚ್ತದೆ ಕಣಕ್ಕ." "ಬೆನ್ನಲ್ಲಿ ಸುಕ್ಕು ನೋಡಿ, ಎಂಗ್ ಬಿದ್ದದೆ." ಒಬ್ಬೊಬ್ಬರದು ಒಂದೊಂದು ತಕರಾರು. ಅವ್ವ ಜಗಳಕ್ಕೆ ನಿಲ್ಲುವಳು. ನೀನು ಹೋದ ಸಲಕ್ಕಿಂತ ದಪ್ಪಗಾಗಿದ್ದೀಯ ಎನ್ನುವಳು, ಅಳತೆ ಕೊಡುವಾಗ ನೆಟ್ಟಗೆ ನಿಂತಿರಲಿಲ್ಲ ಎನ್ನುವಳು. ಹಾಗೆನ್ನುತ್ತಲೇ ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚಲು ಕೂರುವಳು. ಹೊಸದು ಹೊಲಿಯುವಾಗ ಇಲ್ಲದ ಒಂದು ಗೆಲುವು ಬಿಚ್ಚುವಾಗ ಅವಳ ಮುಖದಲ್ಲಿ ಇರುತ್ತಿತ್ತು. ಅದೇಕೆಂದು ಆಗ ನನಗೆ ತಿಳಿಯುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅವ್ವ ನಂಜನಗೂಡಿಗೆ ನಮ್ಮ ಮನೆಗೆ ಬಂದಳು. ಬರುವಾಗ ಟೆಂಪೋದಲ್ಲಿ ಹೊಲಿಗೆ ಮಿಷನ್ನನ್ನು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಬಂದಳು. ನಮ್ಮ ಬೀದಿಯಲ್ಲೂ ಸ್ವಲ್ಪ ದಿನಕ್ಕೇ ಗಿರಾಕಿಗಳಾದರು. ಹಿಂದಿನ ಬೀದಿಯ ಪುಟ್ಟತಾಯಮ್ಮ ಎನ್ನುವವರಂತೂ ಬೇರೆ ಯಾರ ಕೈಲೂ ಹೊಲಿಸುತ್ತಿರಲಿಲ್ಲ. ಮಗಳ ಮದುವೆಗೆ ತಮಗೊಂದು ರವಿಕೆ ಹೊಲಿಯಲು ರೇಷ್ಮೆ ಬಟ್ಟೆ ತಂದುಕೊಟ್ಟರು. ಆ ಹೊತ್ತಿಗೆ ಅವ್ವನ ಕಣ್ಣಿಗೆ ಪೊರೆ ಬರುತ್ತಿತ್ತು. ಅವಳು ನಮಗೆ ಹೇಳಿರಲಿಲ್ಲ, ಪ್ರಾಯಶಃ ತನಗೇ ಹೇಳಿಕೊಂಡಿರಲಿಲ್ಲ. ಸೀಮೆಸುಣ್ಣದ ಗೆರೆ ಕಾಣದೆ ಕತ್ತರಿ ಅಡ್ಡ ಹೋಯಿತು. ಕುತ್ತಿಗೆ ಒಂದು ಕಡೆ ಇಳಿಯಿತು. ಚೂರು ಸೇರಿಸಿ ಹೇಗೋ ಸರಿಮಾಡಿ ಕೊಟ್ಟಳು. ಪುಟ್ಟತಾಯಮ್ಮ ಹಾಕಿಕೊಂಡು ಕನ್ನಡಿ ನೋಡಿದರು. ಅವ್ವ, "ಎಂಗದೆ? ಏಳವ್ವ" ಎಂದಳು. ಪುಟ್ಟತಾಯಮ್ಮ, "ಚೆನ್ನಾಗದೆ ಬುಡಿ" ಎಂದು ಹೇಳಿ, ಮಡಿಸಿಕೊಂಡು ಹೋದರು.

ಮದುವೆಗೆ ನಾವೆಲ್ಲ ಹೋಗಿದ್ದೆವು. ಪುಟ್ಟತಾಯಮ್ಮ ಬೇರೆ ಯಾವುದೋ ರವಿಕೆ ತೊಟ್ಟಿದ್ದರು. ನಮ್ಮನ್ನು ಚೆನ್ನಾಗಿಯೇ ಮಾತಾಡಿಸಿದರು, ಒತ್ತಾಯ ಮಾಡಿ ಬಡಿಸಿದರು, ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಅವರು ನಮ್ಮ ಮನೆಗೆ ಬಟ್ಟೆ ತರಲೂ ಇಲ್ಲ. ಮದುವೆಯಿಂದ ಬಂದ ದಿನ ಅವ್ವ ಸೀರೆಯನ್ನೂ ಬದಲಿಸದೆ ಮಿಷನ್ನಿನ ಬೆಲ್ಟು ಕಳಚಿ, ತಲೆಯನ್ನು ಒಳಕ್ಕೆ ಮಡಚಿ, ಹಲಗೆ ಮುಚ್ಚಿಬಿಟ್ಟಳು. "ಕೈ ಓಯ್ತು ಕಣವ್ವ" ಎಂದಳು. ಕೆಲವು ತಿಂಗಳ ಮೇಲೆ ಪೊರೆಯ ವಿಷಯ ಹೊರಬಿದ್ದು ಎರಡು ಕಣ್ಣಿಗೂ ಆಪರೇಷನ್ ಆಯಿತು. ಇನ್ನು ಧಾರಾಳವಾಗಿ ಹೊಲಿಯಬಹುದು ಎಂದು ಡಾಕ್ಟರೇ ಹೇಳಿದರು. ಅವ್ವ ಬೀದಿಯ ಆ ತುದಿಯಲ್ಲಿ ಬರುವವರ ಸೀರೆಯ ಅಂಚು ಯಾವ ಬಣ್ಣ ಎಂದು ಹೇಳುತ್ತಿದ್ದಳು. ಆದರೆ ಮಿಷನ್ ಹತ್ತಿರ ಹೋಗಲಿಲ್ಲ. ಕೇಳಿದರೆ, "ಕಣ್ ಬಂತು, ಕೈ ಬರ್ನಿಲ್ಲ" ಎನ್ನುತ್ತಿದ್ದಳು.

ನನಗೆ ಅದು ಎಷ್ಟು ಕಷ್ಟವಾಗಿತ್ತು ಎಂದರೆ, ಮನೆಯಲ್ಲಿ ಆ ಮಾತನ್ನೇ ಎತ್ತುವುದನ್ನು ಬಿಟ್ಟಿದ್ದೆ. ಜೀವಮಾನವೆಲ್ಲ ಟಕಟಕ ಎನ್ನುತ್ತಿದ್ದ ಹೆಂಗಸು ಕಿಟಕಿಯ ಪಕ್ಕ ಕೈಕಟ್ಟಿ ಕೂತಿರುವುದನ್ನು ದಿನಾ ನೋಡುವುದು ಸುಲಭವಲ್ಲ.

ಇನ್ನು ಕಂಪ್ಯೂಟರ್. ನಾನು ತಿ. ನರಸೀಪುರದಾಚೆ ಹೆಮ್ಮಿಗೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಶಾಲೆಗಳೆಲ್ಲ ಮುಚ್ಚಿ ಪಾಠ ಫೋನಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಈ ಕಂಪ್ಯೂಟರ್ ಕೊಂಡದ್ದು. ತಂದಾಯಿತು, ಇಡಲು ಮೇಜಿಲ್ಲ. "ಮಿಷನ್ ಮ್ಯಾಲೇ ಮಡುಗು, ಎಂಗಿದ್ರೂ ಸುಮ್ಕೆ ನಿಂತದೆ" ಎಂದವಳು ಅವ್ವನೇ. ಹಲಗೆಯ ಮೇಲೆ ಟಿ.ವಿ.ಯಂಥ ತೆರೆ, ಅದರ ಮುಂದೆ ಕೀಬೋರ್ಡು. ಸಿಪಿಯು ಎಂದು ನಾವೆಲ್ಲ ಕರೆಯುವ ಆ ದೊಡ್ಡ ಡಬ್ಬವನ್ನು ಇಟ್ಟದ್ದು ಕೆಳಗೆ, ಕಾಲಲ್ಲಿ ತುಳಿಯುವ ಪೆಡಲಿನ ಮೇಲೆ. ಮೊದಮೊದಲು ನನ್ನ ಕಾಲು ತಾಗಿದಾಗಲೆಲ್ಲ ಪೆಡಲ್ ತೂಗಿ ಕಂಪ್ಯೂಟರ್ ಉಯ್ಯಾಲೆಯಾಡುತ್ತಿತ್ತು. ನಮ್ಮ ಮನೆಯವರು ಪೆಡಲಿಗೆ ಹಗ್ಗ ಕಟ್ಟಿ ನಿಲ್ಲಿಸಿದರು. ಶಾಲೆಗಳು ತೆರೆದವು. ಕಂಪ್ಯೂಟರ್ ಮಾತ್ರ ಅಲ್ಲೇ ಉಳಿಯಿತು. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಇಲಾಖೆಗೆ ದಿನಾ ಕಳಿಸಬೇಕಾದ ಮಾಹಿತಿ, ಎಲ್ಲಕ್ಕೂ ಅದೇ ಗತಿ.

ಈ ಬೇಸಿಗೆಯ ಮೊದಲಲ್ಲಿ ಒಂದು ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಕತ್ತರಿಯ ಸದ್ದು ಕೇಳಿಸಿತು. ಹಾಲಿನ ಪ್ಯಾಕೆಟ್ ಕತ್ತರಿಸುವ ಸದ್ದಲ್ಲ, ಬಟ್ಟೆ ಸೀಳಿಕೊಂಡು ಹೋಗುವ ಕರಕರ ಸದ್ದು. ನಾನು ಬಾಗಿಲಲ್ಲೇ ನಿಂತೆ. ಅವ್ವ ನೆಲದ ಮೇಲೆ ಕೂತು ನೇರಳೆ ವೆಲ್ವೆಟ್ ಕತ್ತರಿಸುತ್ತಿದ್ದಳು. "ಪಾಪ, ಎಷ್ಟೊಂದು ಕಾಲದಿಂದ ಬರಿಮೈಲಿ ನಿಂತದೆ ಅದು. ಎಲ್ರಿಗೂ ಅದೆ, ಅದುಕ್ ಮಾತ್ರ ಒಂದಂಗಿ ಇಲ್ಲ" ಎಂದಳು, ತಲೆ ಎತ್ತದೆ.

ಮಿಷನ್ ಕಂಪ್ಯೂಟರಿನ ಕೆಳಗೆ ಸಿಕ್ಕಿಕೊಂಡಿತ್ತಲ್ಲ, ಪೂರ್ತಿ ಕೈಹೊಲಿಗೆಯಲ್ಲೇ ಹೊಲಿದಳು. ಏನು ಹೊಲಿಗೆ ಅಂತೀರಿ! ಪವರ್ ಬಟನ್ ಒತ್ತುವ ಜಾಗದಲ್ಲಿ ದುಂಡನೆಯ ಕಾಜಾ ಮಾಡಿ ಸುತ್ತ ರೇಷ್ಮೆ ದಾರದಲ್ಲಿ ಕಟ್ಟಿದ್ದಳು. ಹಿಂದುಗಡೆ ವೈರುಗಳು ಹೊರಬರಲು ಎಲಾಸ್ಟಿಕ್ ಹಾಕಿದ ಸೀಳು. ತಳಕ್ಕೂ ಎಲಾಸ್ಟಿಕ್. ತೊಡಿಸಿದರೆ ಡಬ್ಬದ ಮೈಗೆ ಅಂಟಿದ ಹಾಗೆ ಕೂತಿತು. "ತಗಿಯೋದೇ ಬ್ಯಾಡ ಕಣವ್ವ. ಅಂಗೇ ಒತ್ಕೊ, ಅಂಗೇ ಕೆಲ್ಸ ಮಾಡ್ಕೊ" ಎಂದಳು. ಬೇರೆ ಮನೆಗಳಲ್ಲಿ ಕಂಪ್ಯೂಟರಿಗೆ ಬುರ್ಖಾದಂಥ ಪ್ಲಾಸ್ಟಿಕ್ ಕವರ್ ಇರುತ್ತದೆ, ಕೆಲಸ ಮಾಡುವಾಗ ತೆಗೆಯಲೇಬೇಕು. ತೆಗೆಯುವ ಅಗತ್ಯವೇ ಇಲ್ಲದಷ್ಟು ಚೆನ್ನಾಗಿ ಹೊಲಿದದ್ದು ನಮ್ಮ ಮನೆಯಲ್ಲಿ ಮಾತ್ರ.

ಬನ್ನೂರಿನಲ್ಲಿರುವ ನನ್ನ ತಮ್ಮ ರಾಜುವಿಗೆ ಫೋನ್ ಮಾಡಿ ಹೇಳಿದೆ. "ನಿಜ್ವಾಗ್ಲೂ ಹೊಲಿದ್ಳಾ ಅಕ್ಕ?" ಎಂದ. ನಿಜವಾಗಲೂ ಎಂದೆ. ಅವತ್ತು ಹಬ್ಬವಲ್ಲದಿದ್ದರೂ ಶಾವಿಗೆ ಪಾಯಸ ಮಾಡಿದೆ.

ಕಂಪ್ಯೂಟರ್ ನಿಧಾನವಾದದ್ದು ಆಮೇಲೆ. ಆನ್ ಮಾಡಿದಾಗ ಸರಿಯಾಗಿಯೇ ಏಳುತ್ತಿತ್ತು. ಕಾಲು ಗಂಟೆ ಕಳೆಯುವಷ್ಟರಲ್ಲಿ ಅದಕ್ಕೆ ಏನೋ ಆಗುತ್ತಿತ್ತು. ನಾನು ಒಂದು ವಾಕ್ಯ ಟೈಪ್ ಮಾಡಿ ಮುಗಿಸಿ ಕೈಕಟ್ಟಿ ಕೂತ ಮೇಲೆ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು, ಮಧ್ಯಾಹ್ನದ ಊಟ ಮುಗಿದ ಬೆಲ್ ಆದ ಮೇಲೆ ತರಗತಿಗೆ ವಾಪಸು ಬರುವ ಮಕ್ಕಳ ಹಾಗೆ. ಫೈಲ್ ತೆರೆಯಲು ಒತ್ತಿದರೆ ತೆರೆಯ ಮೇಲೆ ಉಂಗುರ ಸುತ್ತುತ್ತಿತ್ತು. ನಾನು ಹೋಗಿ ಅನ್ನಕ್ಕೆ ಇಟ್ಟು ಬಂದರೂ ಸುತ್ತುತ್ತಿತ್ತು.

ಕಂಪ್ಯೂಟರ್ ನಿಧಾನವಾಯಿತು ಎಂದು ಹೇಳಿ ನೋಡಿ, ಮದ್ದು ಹೇಳದವರೇ ಇಲ್ಲ. ನಮ್ಮ ಮನೆಯವರದು ಒಂದೇ ಔಷಧಿ, ರೀಸ್ಟಾರ್ಟ್. ನೀರಿನ ಮೋಟಾರು ಕೆಟ್ಟರೂ, ಫೋನು ಕೆಟ್ಟರೂ, ಇಬ್ಬರಿಗೂ ಜಗಳವಾಗಿ ಮಾತು ನಿಂತರೂ ಅವರು ಎದ್ದು ಹೋಗಿ ಮತ್ತೆ ಬಂದು ಮೊದಲಿಂದ ಶುರುಮಾಡುತ್ತಾರೆ. ರೀಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತು ಚುರುಕಾಗಿ ಮತ್ತೆ ಮಲಗಿತು. ಸ್ಟಾಫ್ ರೂಮಿನಲ್ಲಿ ಒಬ್ಬರು ವೈರಸ್ ಎಂದರು, ಒಬ್ಬರು ಇಂಟರ್‌ನೆಟ್ ಎಂದರು. ಹಿಂದಿ ಮೇಡಂ, ಫೋಟೋ ಜಾಸ್ತಿ ಇಟ್ಟರೆ ಅದಕ್ಕೆ ಭಾರವಾಗುತ್ತದೆ ಎಂದರು. ಒಂದು ಭಾನುವಾರ ಪೂರ್ತಿ ಕೂತು ಫೋಟೋ ಅಳಿಸಿದೆ. ಶುಭೋದಯದ ತಾವರೆಗಳೇ ಒಂದು ಕೆರೆಯಷ್ಟಿದ್ದವು.

ಗಟ್ಟಿಯಾಗಿ ಹಿಡಿದದ್ದು ರಾಜು. ಫೋನಿನಲ್ಲೇ ಒಂದೊಂದಾಗಿ ಹೇಳಿ ಮಾಡಿಸಿದ. ಬೇಡದ ಟೆಂಪರರಿ ಫೈಲ್ ಅಳಿಸು ಅಕ್ಕ. ಅಳಿಸಿದೆ. ಆಂಟಿವೈರಸ್ ಓಡಿಸು. ಓಡಿಸಿದೆ, ಅದು ಓಡಲಿಲ್ಲ, ತೆವಳಿತು, ಕೊನೆಗೆ ಏನೂ ಸಿಕ್ಕಲಿಲ್ಲ ಎಂದಿತು. ಆನ್ ಆದ ಕೂಡಲೇ ತಾವಾಗಿ ಏಳುವ ಪ್ರೋಗ್ರಾಮುಗಳನ್ನು ನಿಲ್ಲಿಸು. ನಿಲ್ಲಿಸಿದೆ. ಟಾಸ್ಕ್ ಮ್ಯಾನೇಜರ್ ತೆಗೆದು ಯಾವುದು ಜಾಸ್ತಿ ತಿನ್ನುತ್ತಿದೆ ನೋಡು. ಯಾವುದೂ ಅಂಥ ಹೊಟ್ಟೆಬಾಕ ಕಾಣಲಿಲ್ಲ. ಬಳಸದ ಪ್ರೋಗ್ರಾಮುಗಳನ್ನು ತೆಗೆ ಎಂದ. ತೆಗೆಯುವ ಭರದಲ್ಲಿ ಒಂದು ಇಸ್ಪೀಟಿನ ಆಟವೂ ಹೋಯಿತು. ನಮ್ಮ ಮನೆಯವರು ಅದನ್ನು ನನಗೆ ತಿಳಿಯದ ಹಾಗೆ ವರ್ಷಗಟ್ಟಲೆ ಆಡುತ್ತಿದ್ದರು ಎನ್ನುವುದು ಅವರ ಮುಖ ನೋಡಿದ ಮೇಲೆ ಗೊತ್ತಾಯಿತು. ಅದಕ್ಕಾದರೋ ರೀಸ್ಟಾರ್ಟ್ ಇರಲಿಲ್ಲ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಅವ್ವ ಇದನ್ನೆಲ್ಲ ಕಿಟಕಿಯ ಹತ್ತಿರ ಕೂತು ನೋಡುತ್ತಿದ್ದಳು. "ಬ್ಯಾಸ್ಗೆ ಧೂಳು ಕಣವ್ವ. ತಳದಲ್ಲಿ ಸಂದು ಇತ್ತು, ಅದ್ರಾಗೆ ನುಗ್ತಾ ಅದೆ" ಎಂದು, ತಳಕ್ಕೆ ಇನ್ನೊಂದು ಸುತ್ತು ನೆರಿಗೆ ಸೇರಿಸಿ ಹೊಲಿದಳು. ಅವತ್ತಿನಿಂದ ಕಂಪ್ಯೂಟರ್ ಇನ್ನೂ ನಿಧಾನವಾಯಿತು.

ಮುಂದಿನ ಭಾನುವಾರ ಅವ್ವ ಅಂಗಿಯನ್ನು ಒಗೆದು ತಾರಸಿಯ ಮೇಲೆ ಹರವಿದಳು. ಅವತ್ತು ಕಂಪ್ಯೂಟರ್ ಓಡಿದ್ದೇ ಓಡಿದ್ದು. ವಾರದಿಂದ ಎಳೆದಾಡುತ್ತಿದ್ದ ಪ್ರಶ್ನೆಪತ್ರಿಕೆ ಸಂಜೆಯೊಳಗೆ ಮುಕ್ಕಾಲು ಮುಗಿಯಿತು. ರಾಜುವಿಗೆ ಫೋನ್ ಮಾಡಿ ನಿನ್ನ ಔಷಧಿ ಹಿಡಿಯಿತು ಎಂದೆ. "ನಾನ್ ಹೇಳ್ಲಿಲ್ವಾ ಅಕ್ಕ" ಎಂದು ಅವನೂ ಮೀಸೆ ತಿರುವಿದ. ಸೋಮವಾರ ಅಂಗಿ ಒಣಗಿ ಬಂತು, ಅವ್ವ ತೊಡಿಸಿದಳು. ಶಾಲೆಯಿಂದ ಬಂದು ಉಳಿದ ಕಾಲು ಭಾಗ ಟೈಪ್ ಮಾಡಲು ಕೂತೆ. ಮತ್ತೆ ಅದೇ ಕಥೆ. ಬೇಸರದಲ್ಲಿ ಕಾಲು ಚಾಚಿದಾಗ ಪಾದ ಡಬ್ಬಕ್ಕೆ ತಾಗಿತು. ಚುರ್ರೆಂದಿತು. ಬಗ್ಗಿ ಅಂಗಿಯ ಒಳಗೆ ಕೈ ಹಾಕಿದೆ, ದೋಸೆ ಕಾವಲಿ. ಹಿಂದೆ ಫ್ಯಾನು ತಿರುಗುವ ಕಡೆ ವೆಲ್ವೆಟ್ಟೂ ಲೈನಿಂಗೂ ಬಿಗಿಯಾಗಿ ಒತ್ತಿಕೊಂಡು, ಫ್ಯಾನು ಒಳಗೇ ಗೊರಗೊರ ಎನ್ನುತ್ತಿತ್ತು.

ಇಷ್ಟಕ್ಕೂ ನಾನು ಆಗ ಟೈಪ್ ಮಾಡುತ್ತಿದ್ದದ್ದು ಎಂಟನೆಯ ತರಗತಿಯ ಉಷ್ಣದ ಪಾಠದ ಪ್ರಶ್ನೆ. ತೆರೆಯ ಮೇಲೆ ಒಂದೊಂದೇ ಅಕ್ಷರವಾಗಿ ಬಂದು ನಿಂತಿತ್ತು: ಚಳಿಗಾಲದಲ್ಲಿ ದಪ್ಪ ಬಟ್ಟೆ ತೊಟ್ಟರೆ ಬೆಚ್ಚಗಿರುವುದು ಏಕೆ? ಕಾರಣ ಕೊಡಿ. ಈ ಪ್ರಶ್ನೆಯನ್ನು ಎಷ್ಟು ಮಕ್ಕಳಿಗೆ ಕೇಳಿದ್ದೇನೋ, ಉತ್ತರ ಬರೆಯದವರ ಕಿವಿಯನ್ನೂ ಹಿಂಡಿದ್ದೇನೆ. ನನ್ನ ಕಿವಿ ಹಿಂಡುವವರು ಅಲ್ಲಿ ಯಾರೂ ಇರಲಿಲ್ಲ.

ರಾಜುವಿಗೆ ಹೇಳಿದೆ. "ಅಯ್ಯೋ ಅಕ್ಕ, ಬಿಸಿ ಜಾಸ್ತಿ ಆದ್ರೆ ಅದು ತಾನೇ ವೇಗ ಕಮ್ಮಿ ಮಾಡ್ಕೊಳ್ಳುತ್ತೆ, ಸುಟ್ಟುಹೋಗ್ಬಾರ್ದು ಅಂತ. ಹಿಂಗೇ ಬಿಟ್ರೆ ಒಂದಿನ ಪೂರ್ತಿ ಹೋಗುತ್ತೆ. ಆ ಬಟ್ಟೆ ತೆಗೆದು ಬಿಸಾಕು ಮೊದ್ಲು" ಎಂದ. ಎಂದ ಮೇಲೆ ಅದು ಯಾರು ಹೊಲಿದ ಬಟ್ಟೆ ಎನ್ನುವುದು ಅವನಿಗೆ ನೆನಪಾಯಿತು. "ಅವ್ವಂಗೆ ಹೇಳ್ಬೇಡ" ಎಂದ. ನಾನೂ ಅದನ್ನೇ ಯೋಚಿಸುತ್ತಿದ್ದೆ. ಒಂದು ರವಿಕೆ ಕೆಟ್ಟಿದ್ದಕ್ಕೆ ಇಷ್ಟು ವರ್ಷ ಮಿಷನ್ ಮುಚ್ಚಿದವಳು. ಈಗಷ್ಟೇ ಮತ್ತೆ ಸೂಜಿ ಹಿಡಿದಿದ್ದಾಳೆ. ಇದೂ ಕೆಟ್ಟಿತು ಎಂದರೆ ಇನ್ನು ಆ ಕೈಯಲ್ಲಿ ಸೂಜಿ ನೋಡುವ ಹಾಗಿರಲಿಲ್ಲ. ಕಂಪ್ಯೂಟರ್ ಹೋದರೆ ಇನ್ನೊಂದು ಬರುತ್ತದೆ.

ಹಾಗೆಂದು ಅದನ್ನು ಸುಡಲು ಬಿಡುವ ಧೈರ್ಯವೂ ಇರಲಿಲ್ಲ. ಅವ್ವ ಸಂಜೆ ಹೊಳೆಯ ಕಡೆ ಒಂದು ಸುತ್ತು ಹೋಗಿ ಬರುತ್ತಾಳೆ. ಅವಳು ಗೇಟು ದಾಟಿದ ಕೂಡಲೇ ನಾನು ಅಂಗಿ ಬಿಚ್ಚುವುದು, ಗಡಿಬಿಡಿಯಲ್ಲಿ ಕೆಲಸ ಮುಗಿಸುವುದು, ಬರುವಷ್ಟರಲ್ಲಿ ಮತ್ತೆ ತೊಡಿಸುವುದು. ನಮ್ಮ ಮನೆಯವರು ಕಿಟಕಿಯಲ್ಲಿ ಕಾವಲು. "ಬಂದ್ರು, ಬಂದ್ರು, ತಿರುವಿನ ಹತ್ರ ಅವ್ರೆ!" ಎಂದು ಅವರು ಪಿಸುಗುಟ್ಟುವುದು, ನಾನು ನೆಲದ ಮೇಲೆ ಕೂತು ಎಲಾಸ್ಟಿಕ್ ಎಳೆಯುವುದು. ಇಬ್ಬರೂ ಸರ್ಕಾರಿ ನೌಕರರು, ನಿವೃತ್ತಿಗೆ ಹತ್ತಿರವಾದವರು. ಇಸ್ಪೀಟಿನ ಆಟದ ಕೋಪ ಆ ಕಾವಲಿನಲ್ಲಿ ಕರಗಿತು ಎನ್ನುವುದೊಂದು ಲಾಭ.

ಹೀಗೆ ಕೆಲವು ದಿನ ನಡೆಯಿತು. ಒಂದು ಸಂಜೆ ಅವ್ವ ಹೊಳೆಗೆ ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತು, ಅಂಗಿಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು.

"ಯಾಕವ್ವ ದಿನಾ ಬಿಚ್ತೀಯ ಇದ್ನ?" ಎಂದಳು.

"ನಾನಾ? ಇಲ್ವಲ್ಲ."

"ಕಾಜಾ ನೋಡು ಎಲ್ಲದೆ, ಬಟನ್ ಎಲ್ಲದೆ. ನಾನ್ ಆಕಿದ್ರೆ ಇಂಗ್ ಕೂರ್ತದಾ? ಬಿಗಿ ಆಯ್ತಾ ಅದುಕ್ಕೆ?"

ನಾನು ಏನೂ ಯೋಚಿಸದೆ, ಅವಳ ಮನಸ್ಸು ನೋಯಬಾರದು ಎನ್ನುವ ಒಂದೇ ಅವಸರದಲ್ಲಿ, "ಇಲ್ಲವ್ವ. ಚೆನ್ನಾಗದೆ ಬುಡು" ಎಂದುಬಿಟ್ಟೆ.

ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಎಲ್ಲಿ ಕೇಳಿದ್ದೆ ಎನ್ನುವುದು ನೆನಪಾಯಿತು. ಅವ್ವನಿಗೂ ನೆನಪಾಯಿತು. ಅವಳು ಅಂಚು ಸವರುವುದನ್ನು ನಿಲ್ಲಿಸಿದಳು.

"ಪುಟ್ತಾಯಮ್ಮನೂ ಇಂಗೇ ಅಂದ್ಳು" ಎಂದಳು. "ಚೆನ್ನಾಗದೆ ಬುಡಿ ಅಂತ. ನಂಗೇನ್ ಕಣ್ ಮಂಜಾಗಿತ್ತು, ಅವ್ಳ ಮಖಾನೂ ಕಾಣ್ನಿಲ್ಲ. ಕೆಟ್ಟೋಗದೆ ಕಣಕ್ಕ, ಎಡಗಡೆ ಇಳ್ದದೆ ಅಂದಿದ್ರೆ ಕುಂತು ಬಿಚ್ತಿದ್ದೆ. ಬೇರೆ ಬಟ್ಟೆ ತಂದಾದ್ರೂ ಒಲ್ದು ಕೊಡ್ತಿದ್ದೆ. ಬಟ್ಟೆ ಕೆಡೋದೇನು, ಎಲ್ರ ಕೈಲೂ ಕೆಡ್ತದೆ. ಏಳ್ದೆ ಓಗ್ಬುಟ್ರೆ ನಾನು ಎಲ್ಲಿ ಅಂತ ಬಿಚ್ಲವ್ವ?"

ಕಾವಲಿಗೆಂದು ಬಂದು ಕಿಟಕಿಯ ಹತ್ತಿರ ನಿಂತಿದ್ದ ನಮ್ಮ ಮನೆಯವರು ಮೆಲ್ಲಗೆ ಅಡುಗೆಮನೆಗೆ ಹೋದರು. ನನಗೆ ಅಳು ಬಂತು. ಅವ್ವನನ್ನು ನೋಯಿಸಿದ್ದು ಆ ಕೆಟ್ಟ ರವಿಕೆ ಎಂದು ಇಷ್ಟು ವರ್ಷ ನಾವೆಲ್ಲ ಅಂದುಕೊಂಡಿದ್ದೆವು.

ಅವಳ ಕೈ ಹಿಡಿದು ಅಂಗಿಯ ಒಳಗೆ, ಡಬ್ಬದ ಮೈಮೇಲೆ ಇಟ್ಟೆ. ಬೆಳಗಿನಿಂದ ಅಂಕಪಟ್ಟಿ 'ಅಪ್‌ಲೋಡ್' ಮಾಡುತ್ತ ಕಾದಿತ್ತು. ಅವ್ವ ಚಟ್ಟನೆ ಕೈ ತೆಗೆದಳು. "ಅಯ್ಯೋ! ಇದೇನವ್ವ, ಕೆಂಡ ಆಗದೆ." ಹಿಂದೆ ಫ್ಯಾನಿದೆ, ಅದಕ್ಕೆ ಗಾಳಿ ಬೇಕು, ಗಾಳಿ ಸಿಗದೆ ಕಂಪ್ಯೂಟರ್ ನಿಧಾನವಾಗಿದೆ ಎಂದು ಎಲ್ಲವನ್ನೂ ಹೇಳಿದೆ. ಅವ್ವ ಕೇಳಿಸಿಕೊಂಡಳು. ಮುಖ ಚಿಕ್ಕದಾಗುತ್ತದೆ ಎಂದು ನಾನು ಕಾಯುತ್ತಿದ್ದೆ.

"ಬ್ಯಾಸ್ಗೇಲಿ ವೆಲ್ವೆಟ್ಟು, ಅದುಕ್ಕೊಂದು ಲೈನಿಂಗು, ಮ್ಯಾಲೊಂದ್ ನೆರಿಗೆ!" ಎಂದಳು. "ನಾನಾಗಿದ್ರೆ ಯಾವಾಗ್ಲೋ ಬಿದ್ದೋಯ್ತಿದ್ದೆ. ಅದೇ ವಾಸಿ, ನಿಧಾನಕ್ಕಾದ್ರೂ ಮಾಡ್ತಾ ಅದೆ." ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಇದ್ನ ಇಲ್ಲಿಂದ ಎತ್ರಿ ಇಬ್ರೂವೆ. ನಂಗೆ ಮಿಷನ್ ಬೇಕು."

ಕಂಪ್ಯೂಟರ್ ಊಟದ ಮೇಜಿಗೆ ಹೋಯಿತು. ನಾವು ಅಂದಿನಿಂದ ನೆಲದ ಮೇಲೆ ಕೂತು ಉಣ್ಣುತ್ತಿದ್ದೇವೆ, ಮಂಡಿ ನೋವಿಗೆ ಒಳ್ಳೆಯದು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು. ಅವ್ವ ಪೆಡಲಿನ ಹಗ್ಗ ಬಿಚ್ಚಿದಳು. ಹಲಗೆ ತೆಗೆದು ಮಿಷನ್ನಿನ ತಲೆಯನ್ನು ಮೇಲೆತ್ತಿದಳು. ಎಣ್ಣೆ ಬಿಟ್ಟು ಒರೆಸಿ, ಬೆಲ್ಟು ಹಾಕಿ, ಬಟ್ಟೆಯಿಲ್ಲದೆ ಬರಿದೇ ಒಮ್ಮೆ ತುಳಿದಳು. ಮೊದಲು ಕಿರ್ರೆಂದಿತು, ಆಮೇಲೆ ಟಕಟಕ ಎಂದಿತು. ನಾನು ಫೋನನ್ನು ಅದರ ಹತ್ತಿರ ಹಿಡಿದು ರಾಜುವಿಗೆ ಕೇಳಿಸಿದೆ.

ಎರಡನೆಯ ಅಂಗಿಗೆ ತೆಳು ಬಿಳಿ ಹತ್ತಿ ಬಟ್ಟೆ ಆರಿಸಿದಳು. ಗಾಳಿ ಆಡುವ ಕಡೆಗೆ ಹಳೆಯ ಸೊಳ್ಳೆಪರದೆಯ ತುಂಡು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಡಬ್ಬದ ಸುತ್ತ ಟೇಪು ಹಿಡಿದಳು. "ಇದೇ ವಾಸಿ ಕಣವ್ವ, ಒಟ್ಟೆ ಎಳ್ಕಳದಿಲ್ಲ" ಎಂದು ನಕ್ಕಳು. ಹೊಲಿದು ತೊಡಿಸಿ, ಮಾಮೂಲಿನಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಬಿಗಿ ಅದ್ಯಾ? ಏಳು."

ನಾನು ಸುತ್ತ ಬಗ್ಗಿ ನೋಡಿದೆ. ಚೆನ್ನಾಗಿಯೇ ಇತ್ತು. ಆದರೆ ಹಿಂದುಗಡೆ ಸೊಳ್ಳೆಪರದೆ ಒಂದು ಬೆರಳು ಪಕ್ಕಕ್ಕೆ ಹೋಗಿ, ಫ್ಯಾನಿನ ಅರ್ಧ ಭಾಗದ ಮೇಲೆ ಹತ್ತಿ ಬಟ್ಟೆಯೇ ಬಂದಿತ್ತು. ಹತ್ತಿಯಲ್ಲವೆ, ಹೇಗೋ ನಡೆಯುತ್ತದೆ, ಸುಮ್ಮನಿದ್ದುಬಿಡೋಣ ಎಂದು ಒಂದು ಗಳಿಗೆ ಅನಿಸಿತು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಅವಳಿಗೆ ಮುಖ ಚೆನ್ನಾಗಿ ಕಾಣುತ್ತದೆ.

"ಹಿಂದ್ಗಡೆ ಬಿಗಿ ಅದೆ ಕಣವ್ವ" ಎಂದೆ. "ಫ್ಯಾನಿನ ಹತ್ರ. ಅರ್ಧ ಮುಚ್ಕೊಂಡದೆ."

"ಎಲ್ಲಿ? ತೋರ್ಸು."

ತೋರಿಸಿದೆ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. "ಅಳತೆ ತಗಳವಾಗ ನೀನ್ ನೆಟ್ಟುಗೆ ಇಡ್ಕಂಡಿದ್ರೆ ತಾನೆ" ಎಂದು ನನ್ನ ಮೇಲೆಯೇ ಹಾಕಿದಳು. ಹಾಗೆನ್ನುತ್ತಲೇ ಅಂಗಿಯನ್ನು ಎಳೆದುಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದಳು. ಕವಲಂದೆಯ ಮನೆಯಲ್ಲಿ ನಾನು ನೋಡುತ್ತಿದ್ದ ಆ ಗೆಲುವು ಅವಳ ಮುಖದಲ್ಲಿತ್ತು.

ಎಂದು ಕೊಡುತ್ತೀಯ ಎಂದು ಕೇಳಿದೆ.

"ಸುಕ್ರವಾರ ಬಾ" ಎಂದಳು ಅವ್ವ, ತಲೆ ಎತ್ತದೆ.

ಯಾವ ಶುಕ್ರವಾರ ಎಂದು ನಾನು ಕೇಳಲಿಲ್ಲ.